ಫಾರ್ಮ್ಯಾಟ್ ಮಾಡುವ ಮೊದಲು ಒಂದು ಮಾತು ಕೇಳಿ

ಸಹಪಾಠಿಗಳೇ, ನಮ್ಮ ಶಾಲೆಯ ಕಂಪ್ಯೂಟರ್ ಈಗ ಬೇಗ ಬೇಗ ಕೆಲಸ ಮಾಡುತ್ತದೆ ಅಂತ ಎಲ್ಲರಿಗೂ ಖುಷಿ. ನನಗೂ ಖುಷಿಯೇ. ಆದರೆ ಅದರಲ್ಲಿದ್ದ 23 ಸೋಬಾನೆ ಪದಗಳು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ನಾವು ಆರು ಜನ ಹುಡುಗಿಯರು ಕೆಳಗಿನ ಓಣಿಯ ಅಜ್ಜಿಯಿಂದ ಪದ ಹೇಳಿಸಿಕೊಂಡು, ನುಡಿಯಲ್ಲಿ ಟೈಪ್ ಮಾಡಿ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆವು. ಕಣ್ಣೆದುರಿಗೇ ಇರುತ್ತಲ್ಲ, ಭದ್ರ ಅಂದುಕೊಂಡೆವು. ವಿಂಡೋಸ್ ಇರುವ ಸಿ ಡ್ರೈವಿನಲ್ಲೇ ಡೆಸ್ಕ್‌ಟಾಪೂ ಇರುತ್ತದೆ ಅಂತ ಆಗ ಗೊತ್ತಿರಲಿಲ್ಲ. ದಸರಾ ರಜೆಯಲ್ಲಿ ಪೇಟೆಯಿಂದ ರಿಪೇರಿಯವರು ಬಂದು, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದರು. ಡಿ ಡ್ರೈವಿನಲ್ಲಿದ್ದ ಆಟಗಳು ಹಾಗೇ ಉಳಿದವು! ಪದಗಳು ಹೋದವು. ಅಜ್ಜಿ ಸಂಕ್ರಾಂತಿಗೆ ಮುಂಚೆ ತೀರಿಕೊಂಡರು.

ಅವರ ತಪ್ಪು ಅಂತಲ್ಲ. ಅವರು ಕೇಳಲಿಲ್ಲ, ನಾವೂ ಹೇಳಿರಲಿಲ್ಲ.

"ಫಾರ್ಮ್ಯಾಟ್ ಅಂದ್ರೆ ಮನೆಗೆ ಸುಣ್ಣ ಹೊಡೆದಂಗೆ, ಎಲ್ಲಾ ಹೊಸದಾಗುತ್ತೆ" ಅಂತಾರೆ ನಮ್ಮ ತರಗತಿಯ ಹುಡುಗರು. ಸರಿಯಪ್ಪ. ಯುಗಾದಿಗೆ ಸುಣ್ಣ ಹೊಡೆಯುವ ಮೊದಲು ನಿಮ್ಮ ಮನೇಲಿ ದೇವರ ಫೋಟೋ, ಪಾತ್ರೆ ಪಡಗ ಹೊರಗೆ ತಂದಿಡೋದಿಲ್ವಾ?

ಕಂಪ್ಯೂಟರ್ ನಿಧಾನವಾದಾಗಲೆಲ್ಲ ಫಾರ್ಮ್ಯಾಟ್ ಮಾಡಬೇಕಾಗಿಯೂ ಇಲ್ಲ. ವಿಂಡೋಸ್ 10 ಮತ್ತು 11ರಲ್ಲಿ ನಮ್ಮ ಫೈಲುಗಳನ್ನು ಉಳಿಸಿಕೊಂಡೇ ರೀಸೆಟ್ ಮಾಡುವ ದಾರಿ ಇದೆ. ಫಾರ್ಮ್ಯಾಟ್ ಮಾಡಲೇಬೇಕಾದರೆ ಒಂದು ವಿಷಯ ನೆನಪಿರಲಿ. ವಿಂಡೋಸ್ ಹಾಕುವಾಗ ಬರುವ ಪಟ್ಟಿಯಲ್ಲಿ ಸಿ, ಡಿ ಅಂತ ಬರೆದಿರುವುದಿಲ್ಲ, ಪಾರ್ಟಿಷನ್ 1, 2, 3 ಅಂತ ಇರುತ್ತದೆ. ಯಾವುದು ಎಷ್ಟು ಜಿಬಿ ಅಂತ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳದಿದ್ದರೆ ಡಿ ಡ್ರೈವೂ ಹೋದೀತು.

ಇನ್ನೊಂದು ಸಂಗತಿ ತಿಳಿದ ಮೇಲೆ ನನಗೆ ತುಂಬಾ ಸಂಕಟವಾಯಿತು. ಬೇಗ ಮುಗಿಯುವ ಕ್ವಿಕ್ ಫಾರ್ಮ್ಯಾಟ್ ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದಂತೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಒಳಗಿನ ಹಾಳೆಗಳು ಹಾಗೇ ಇರುತ್ತವೆ, ಅವುಗಳ ಮೇಲೆ ಹೊಸದು ಬರೆಯುವ ತನಕ. ಆ ಕೂಡಲೇ ಕಂಪ್ಯೂಟರ್ ನಿಲ್ಲಿಸಿ, ತಿಳಿದವರ ಹತ್ತಿರ ಒಯ್ದಿದ್ದರೆ ಕೆಲವು ಪದಗಳಾದರೂ ಸಿಗುತ್ತಿದ್ದವೋ ಏನೋ. ನಾವು ರಜೆ ಮುಗಿದ ದಿನವೇ ಅದರಲ್ಲಿ ಸಿನಿಮಾ ತುಂಬಿದೆವು.

ವಿಂಡೋಸ್ 10ಕ್ಕೆ ಕಂಪನಿಯವರು ಉಚಿತ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದ್ದಾರೆ. ಆದ್ದರಿಂದ ಆಫೀಸ್ ರೂಮಿನ ಕಂಪ್ಯೂಟರಿಗೂ ಹೊಸದು ಹಾಕಿಸಬೇಕು ಅಂತ ಮಾತು ನಡೆದಿದೆ. ಹಾಕಿಸಲಿ. ಆದರೆ ಮೂರು ದಿನ ಮೊದಲೇ ನೋಟೀಸ್ ಬೋರ್ಡಿನಲ್ಲಿ ಬರೆಯಬೇಕು ಅಂತ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ. ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿ ಬೀರುವಿನಲ್ಲಿ ಇಡಬೇಕು. ಡಿ ಡ್ರೈವಿನಲ್ಲಿ ಇಟ್ಟರೆ ಸಾಲದು, ಡಿಸ್ಕೇ ಕೆಟ್ಟರೆ ಸಿ, ಡಿ ಎರಡೂ ಒಟ್ಟಿಗೆ ಹೋಗುತ್ತವೆ. ನುಡಿಯನ್ನೂ ಅದರ ಫಾಂಟುಗಳನ್ನೂ ಮತ್ತೆ ಹಾಕಲು ಮರೆಯಬಾರದು. ಇಲ್ಲದಿದ್ದರೆ ಹಳೆಯ ಕನ್ನಡ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರ ಚೆಲ್ಲಾಡಿದಂತೆ ಕಾಣುತ್ತದೆ. ಕೆಟ್ಟುಹೋಗಿದೆ ಅಂತ ಅಳಿಸಿಬಿಟ್ಟೀರಿ!

ನನ್ನ ರಫ್ ನೋಟಿನಲ್ಲಿ ಐದು ಪದಗಳು ಸಿಕ್ಕಿವೆ. ಇನ್ನು ಕೆಲವು ಅಜ್ಜಿಯ ತಂಗಿಗೆ ಬರುತ್ತವಂತೆ. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇವೆ. ಬರುವವರು ಪೆನ್ನು, ಪುಸ್ತಕ ತನ್ನಿ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ