ನೌಕರಿಯ ದಾರಕ್ಕೆ ಪೋಣಿಸಿದ ಬದುಕು

ಬಂಡವಾಳಶಾಹಿ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಕಾರ್ಖಾನೆಯ ಹೊಗೆಗೊಳವೆ, ಷೇರುಪೇಟೆಯ ಗದ್ದಲ, ಧನಿಕರ ಸೌಧಗಳು ಬಂದು ನಿಲ್ಲುತ್ತವೆ. ಅದು ಒಂದು ಸಾಮಾನ್ಯ ಸಂಸಾರದ ಅಡುಗೆಮನೆಯನ್ನೂ ಬಾಣಂತಿಯ ಕೋಣೆಯನ್ನೂ ಹಬ್ಬದ ಪಂಚಾಂಗವನ್ನೂ ಹೇಗೆ ಹೊಕ್ಕು ಕುಳಿತುಕೊಳ್ಳುತ್ತದೆಂಬುದರ ಕಡೆಗೆ ನಮ್ಮ ಲಕ್ಷ್ಯ ಹರಿಯುವುದು ವಿರಳ. ಇದನ್ನು ಅಭ್ಯಸಿಸಲು ಅಮೇರಿಕೆಯಷ್ಟು ತಕ್ಕ ನೆಲ ಇನ್ನೊಂದಿಲ್ಲ. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳ ಮಕ್ಕಳೂ ಮೊಮ್ಮಕ್ಕಳೂ ಅಲ್ಲಿ ಬಾಳು ಕಟ್ಟಿಕೊಂಡಿರುವುದರಿಂದ, ಪರದೇಶದ ಸಮಾಚಾರವೆಂದು ಇದನ್ನು ಬದಿಗಿಡುವಂತೆಯೂ ಇಲ್ಲ.

ಮೊದಲು ಹಬ್ಬದ ಮಾತು. ಫಸಲು ಮನೆಗೆ ಬಂದುದಕ್ಕಾಗಿ ದೇವರಿಗೆ ಕೃತಜ್ಞತೆಯನ್ನು ಅರ್ಪಿಸುವ 'ಥ್ಯಾಂಕ್ಸ್‌ಗಿವಿಂಗ್' ಆ ದೇಶದ ದೊಡ್ಡ ಹಬ್ಬ. 1863ರಲ್ಲಿ ಅಬ್ರಹಾಂ ಲಿಂಕನ್ನರು ಅದನ್ನು ನವೆಂಬರಿನ ಕೊನೆಯ ಗುರುವಾರ ಆಚರಿಸುವಂತೆ ಸಾರಿದರು. ಆ ರೂಢಿಯೇ ಮುಂದೆ ನೆಲೆನಿಂತಿತು. 1939ರಲ್ಲಿ ಆ ಗುರುವಾರ 30ನೆಯ ತಾರೀಖಿಗೆ ಬಿತ್ತು. ಈ ಹಬ್ಬ ಕಳೆದ ಮೇಲೆಯೇ ಕ್ರಿಸ್‌ಮಸ್ ಖರೀದಿ ಆರಂಭವಾಗುವುದು ಅಲ್ಲಿಯ ವಾಡಿಕೆ. ವ್ಯಾಪಾರಕ್ಕೆ ದಿನಗಳು ಸಾಲವೆಂದು ದೊಡ್ಡ ಅಂಗಡಿಗಳವರು ಅಧ್ಯಕ್ಷ ರೂಸ್‌ವೆಲ್ಟರಲ್ಲಿ ಮೊರೆಯಿಟ್ಟರು. ಅಧ್ಯಕ್ಷರು ಹಬ್ಬವನ್ನು ಒಂದು ವಾರ ಹಿಂದಕ್ಕೆ, 23ನೆಯ ತಾರೀಖಿಗೆ ಸರಿಸಿದರು! ಸುಮಾರು ಅರ್ಧದಷ್ಟು ರಾಜ್ಯಗಳು ಒಪ್ಪಿದವು, ಉಳಿದವು ಹಳೆಯ ದಿನವನ್ನೇ ಹಿಡಿದುಕೊಂಡವು. ಒಂದೇ ದೇಶದಲ್ಲಿ ಎರಡು ಗುರುವಾರ ಹಬ್ಬದ ಊಟವಾಯಿತು. ಕೊನೆಗೆ 1941ರಲ್ಲಿ ಸಂಸತ್ತು ನಾಲ್ಕನೆಯ ಗುರುವಾರವೆಂದು ಶಾಸನ ಮಾಡಿ ಗೊಂದಲವನ್ನು ಮುಗಿಸಿತು.

ಇದನ್ನು ಕೇಳಿ ನಗು ಬರುವುದು ಸಹಜ. ಅಂಗಡಿ, ಜಾಹೀರಾತು, ಕಂತಿನ ಸಾಲ, 300ರಿಂದ 850ರವರೆಗಿನ ಅಂಕಿಯಲ್ಲಿ ಮನುಷ್ಯನ ಸಾಲಯೋಗ್ಯತೆಯನ್ನು ಅಳೆಯುವ ಪದ್ಧತಿ ಮೊದಲಾದವನ್ನು ಅಲ್ಲಿಗೆ ಹೋಗಿ ಬಂದವರೆಲ್ಲ ವರ್ಣಿಸುತ್ತಾರೆ. ನಾನು ಹೇಳಬೇಕೆಂದಿರುವ ಸಂಗತಿ ಇದಕ್ಕಿಂತ ಆಳವಾದುದು, ಅಷ್ಟಾಗಿ ಕಣ್ಣಿಗೆ ಬೀಳದುದು. ಅಲ್ಲಿ ಕಾಯಿಲೆಯ ಚಿಕಿತ್ಸೆಯು ನೌಕರಿಗೆ ಕಟ್ಟುಬಿದ್ದಿದೆ. ಆ ಒಂದು ಗಂಟನ್ನು ಅರ್ಥಮಾಡಿಕೊಂಡರೆ ಅಮೇರಿಕನ್ನರ ನಿತ್ಯಜೀವನದ ಅನೇಕ ವಿಚಿತ್ರಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಈ ಗಂಟನ್ನು ಯಾರೂ ಕುಳಿತು ಯೋಚಿಸಿ ಹಾಕಿದುದಲ್ಲವೆಂಬುದೇ ಆಶ್ಚರ್ಯ. 1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯು ಶಾಲಾ ಉಪಾಧ್ಯಾಯರಿಗಾಗಿ ಒಂದು ಏರ್ಪಾಟು ಮಾಡಿತು. ತಿಂಗಳಿಗೆ ಐವತ್ತು ಸೆಂಟು ಕೊಟ್ಟವರಿಗೆ ಅಗತ್ಯ ಬಿದ್ದಾಗ 21 ದಿನಗಳ ಆಸ್ಪತ್ರೆವಾಸ. ಹತ್ತಾರು ಜನ ಸೇರಿ ಒಬ್ಬನ ಕಷ್ಟಕ್ಕೆ ಹೆಗಲು ಕೊಡುವ ಈ ಏರ್ಪಾಟೇ ಮುಂದೆ 'ಬ್ಲೂ ಕ್ರಾಸ್' ಎಂಬ ಸಂಸ್ಥೆಗಳಿಗೆ ಮೂಲವಾಯಿತು. ಅನಂತರ ಮಹಾಯುದ್ಧ ಬಂದಿತು. 1942ರಲ್ಲಿ ಬೆಲೆಯೇರಿಕೆಯನ್ನು ತಡೆಯಲೆಂದು ಸರ್ಕಾರವು ಸಂಬಳಗಳನ್ನು ಸ್ಥಗಿತಗೊಳಿಸಿತು. ಯುವಕರೆಲ್ಲ ಸೈನ್ಯಕ್ಕೆ ಹೋಗಿದ್ದರು; ಕಾರ್ಖಾನೆಗಳಿಗೆ ಕೆಲಸಗಾರರು ಬೇಕಾಗಿತ್ತು; ಆದರೆ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ವಿಮೆಯಂತಹ ಸೌಲಭ್ಯಗಳು ಸಂಬಳದ ಲೆಕ್ಕಕ್ಕೆ ಸೇರವೆಂದು ಸರ್ಕಾರ ತೀರ್ಮಾನಿಸಿದುದರಿಂದ ಮಾಲೀಕರು ಆರೋಗ್ಯ ವಿಮೆಯ ಆಸೆ ತೋರಿಸಿ ಜನರನ್ನು ಸೆಳೆಯತೊಡಗಿದರು. 1954ರ ತೆರಿಗೆ ಶಾಸನವು, ಮಾಲೀಕನು ಕಟ್ಟುವ ವಿಮೆಯ ಹಣಕ್ಕೆ ನೌಕರನು ತೆರಿಗೆ ಕೊಡಬೇಕಾಗಿಲ್ಲವೆಂದು ಸ್ಪಷ್ಟಪಡಿಸಿತು. ಯುದ್ಧಕಾಲದ ಉಪಾಯವು ಶಾಶ್ವತ ವ್ಯವಸ್ಥೆಯಾಗಿ ಕುಳಿತದ್ದು ಹೀಗೆ.

ಬೇರೆ ದಾರಿಯನ್ನು ಯಾರೂ ತೋರಿಸಲಿಲ್ಲವೆಂದಲ್ಲ. 1945ರ ನವೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ನರು ಎಲ್ಲ ಪ್ರಜೆಗಳಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಬೇಕೆಂದು ಸಂಸತ್ತಿಗೆ ಸಂದೇಶ ಕಳುಹಿಸಿದರು. ವೈದ್ಯರ ಸಂಘವು ಬಲವಾಗಿ ವಿರೋಧಿಸಿತು; ಯೋಜನೆ ಬಿದ್ದುಹೋಯಿತು. ಇಪ್ಪತ್ತು ವರ್ಷಗಳ ಬಳಿಕ, 1965ರ ಜುಲೈ 30ರಂದು, ವೃದ್ಧರಿಗೆ 'ಮೆಡಿಕೇರ್', ಬಡವರಿಗೆ 'ಮೆಡಿಕೇಡ್' ಎಂಬ ಯೋಜನೆಗಳಿಗೆ ಅಧ್ಯಕ್ಷ ಜಾನ್ಸನ್ನರು ಸಹಿ ಹಾಕಿದರು. ಸಹಿ ಹಾಕಲು ಅವರು ಹೋದದ್ದು ಟ್ರೂಮನ್ನರ ಊರಿಗೆ. ಮೊದಲ ಮೆಡಿಕೇರ್ ಚೀಟಿಯನ್ನು ಆ ಮುದುಕರ ಕೈಗೇ ಕೊಟ್ಟರು. ಆದರೆ ದುಡಿಯುವ ವಯಸ್ಸಿನ ಬಹುಪಾಲು ಜನರ ಚಿಕಿತ್ಸೆ ಮಾಲೀಕನ ಕೈಯಲ್ಲಿಯೇ ಉಳಿಯಿತು. ಇಂದು ಸುಮಾರು ಹದಿನೈದು ಕೋಟಿ ಅಮೇರಿಕನ್ನರು ತಮ್ಮದೋ ತಂದೆತಾಯಿಗಳದೋ ಗಂಡ-ಹೆಂಡಿರದೋ ನೌಕರಿಯ ಮೂಲಕವೇ ವಿಮೆ ಪಡೆದಿದ್ದಾರೆ.

ಇದರ ಪರಿಣಾಮವನ್ನು ಒಂದು ಸಂಸಾರದೊಳಗೆ ನಿಂತು ನೋಡೋಣ. 2024ರಲ್ಲಿ ನೌಕರಿಯ ಮೂಲಕ ದೊರೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 25,572 ಡಾಲರು. ಅದರಲ್ಲಿ ನೌಕರನ ಪಾಲು 6,296. ಉಳಿದುದನ್ನು ಮಾಲೀಕ ಕಟ್ಟುತ್ತಾನೆ. ಮಗಳಿಗೆ ಬಾಲ್ಯದಿಂದಲೇ ಸಕ್ಕರೆ ಕಾಯಿಲೆ, ಅಥವಾ ಹೆಂಡತಿಗೆ ಅರ್ಬುದದ ಚಿಕಿತ್ಸೆ ನಡೆಯುತ್ತಿದೆಯೆನ್ನಿ. ಆ ಗೃಹಸ್ಥನಿಗೆ ತನ್ನ ಕೆಲಸ ಬೇಸರ ತಂದಿದೆ, ಮೇಲಧಿಕಾರಿ ಅವಮಾನಿಸುತ್ತಾನೆ, ಸ್ವಂತ ಅಂಗಡಿ ತೆರೆಯುವ ಹಂಬಲವಿದೆ. ಆದರೂ ಅವನು ಬಿಡಲಾರ. ಬಿಟ್ಟರೆ ಅದೇ ವಿಮೆಯನ್ನು ಸಾಮಾನ್ಯವಾಗಿ ಹದಿನೆಂಟು ತಿಂಗಳವರೆಗೆ ಮುಂದುವರಿಸಲು ಕಾನೂನು ಅವಕಾಶ ಕೊಡುತ್ತದೆ, ನಿಜ. ಆದರೆ ಮಾಲೀಕನ ಪಾಲನ್ನೂ ತಾನೇ ತೆರಬೇಕು. ಸಂಬಳ ನಿಂತ ತಿಂಗಳಿನಲ್ಲಿಯೇ ಎರಡು ಸಾವಿರ ಡಾಲರಿಗೂ ಮಿಕ್ಕ ಕಂತು! ಅರ್ಥಶಾಸ್ತ್ರಜ್ಞರು ಈ ಸ್ಥಿತಿಯನ್ನು 'ಜಾಬ್ ಲಾಕ್', ಅಂದರೆ ನೌಕರಿಯ ಬೀಗ, ಎಂದು ಕರೆದಿದ್ದಾರೆ. ಸ್ವಂತ ಉದ್ಯಮವನ್ನೂ ಸಾಹಸವನ್ನೂ ಜಗತ್ತಿನಲ್ಲೆಲ್ಲ ಹೆಚ್ಚಾಗಿ ಕೊಂಡಾಡುವ ದೇಶವು ತನ್ನ ಸಾಹಸಿಗಳನ್ನು ಔಷಧದ ಚೀಟಿಯಿಂದ ಕಟ್ಟಿಹಾಕಿದೆ. ಬಂಡವಾಳಶಾಹಿಯನ್ನು ಮೆಚ್ಚುವವರೇ ಮೊದಲು ಉತ್ತರ ಹೇಳಬೇಕಾದ ಪ್ರಶ್ನೆ ಇದೆಂದು ನನಗೆ ತೋರುತ್ತದೆ.

ಬೀಗದ ಕೈ ಯಾರ ಹತ್ತಿರವಿದೆಯೆಂಬುದು ಸಂಘರ್ಷದ ಸಮಯದಲ್ಲಿ ತಿಳಿಯುತ್ತದೆ. 2019ರ ಸೆಪ್ಟೆಂಬರಿನಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಸುಮಾರು 48 ಸಾವಿರ ಕಾರ್ಮಿಕರು ಮುಷ್ಕರ ಹೂಡಿದಾಗ ಕಂಪೆನಿಯು ಅವರ ಆರೋಗ್ಯ ವಿಮೆಯ ಹಣವನ್ನು ನಿಲ್ಲಿಸಿತು. ಜನಾಭಿಪ್ರಾಯ ಕೆರಳಿತು, ಕೆಲವೇ ದಿನಗಳಲ್ಲಿ ಕಂಪೆನಿ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಮುಂದಿನ ವರ್ಷವೇ ಕೊರೋನಾ ಬಂದಿತು. 2020ರ ಏಪ್ರಿಲ್ ತಿಂಗಳೊಂದರಲ್ಲಿಯೇ ಎರಡು ಕೋಟಿಗೂ ಹೆಚ್ಚು ನೌಕರಿಗಳು ಹೋದವು. ಊರಿಗೆಲ್ಲ ರೋಗ ಬಂದ ಹೊತ್ತಿನಲ್ಲಿ, ರೋಗದ ಕಾರಣದಿಂದಲೇ ಕೆಲಸ ಹೋಗಿ, ಕೆಲಸದೊಡನೆ ಎಷ್ಟೋ ಜನರ ಚಿಕಿತ್ಸೆಯ ಆಧಾರವೂ ಹೋಯಿತು.

ವಿಮೆಯಿಲ್ಲದವನು ಪೇಟೆಯ ಬೆಲೆಗೆ ಔಷಧ ಕೊಳ್ಳಬೇಕು. ಆ ಬೆಲೆ ಎಂತಹುದು? ಇನ್ಸುಲಿನ್ನನ್ನು ಕಂಡುಹಿಡಿದ ಬ್ಯಾಂಟಿಂಗರೂ ಅವರ ಸಂಗಡಿಗರೂ 1923ರಲ್ಲಿ ಅದರ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟಿದ್ದರು. ಹೊಸ ಬಗೆಯ ಇನ್ಸುಲಿನ್ನಾದ 'ಹ್ಯೂಮಲಾಗ್' 1996ರಲ್ಲಿ ಅಮೇರಿಕೆಯ ಪೇಟೆಗೆ ಬಂದಾಗ ಒಂದು ಬಾಟಲಿಗೆ 21 ಡಾಲರಿತ್ತು. 2019ರ ವೇಳೆಗೆ ಅದೇ ಬಾಟಲಿಯ ಬೆಲೆ ಸುಮಾರು 275. ಔಷಧ ಬದಲಾಗಿರಲಿಲ್ಲ. 2022ರ ಶಾಸನವು ಮೆಡಿಕೇರಿನ ವೃದ್ಧರಿಗೆ ತಿಂಗಳಿಗೆ 35 ಡಾಲರಿನ ಮಿತಿಯನ್ನು ಹಾಕಿದ ಮೇಲೆ, 2023ರಲ್ಲಿ ಕಂಪೆನಿಗಳೂ ಬೆಲೆಯನ್ನು ಇಳಿಸಿದವು. ಇಳಿಸಲು ಸಾಧ್ಯವಿತ್ತೆಂದ ಮೇಲೆ ಅಷ್ಟು ವರ್ಷ ಏಕೆ ಇಳಿಸಲಿಲ್ಲವೆಂದು ಕೇಳುವ ಹಕ್ಕು ರೋಗಿಗಳಿಗೆ ಇದ್ದೇ ಇದೆ.

ಇನ್ನು ಬಾಣಂತನದ ವಿಷಯ. ಇದು ನಮ್ಮ ತಾಯಂದಿರಿಗೆ ಪ್ರತ್ಯಕ್ಷವಾಗಿ ಗೊತ್ತಿರುವಂತಹುದು. ಹೆರಿಗೆಗೆ ಸಂಬಳಸಹಿತ ರಜೆ ಕೊಡಲೇಬೇಕೆಂಬ ರಾಷ್ಟ್ರೀಯ ಶಾಸನ ಅಮೇರಿಕೆಯ ಖಾಸಗಿ ನೌಕರರಿಗೆ ಇಲ್ಲ. 1993ರಲ್ಲಿ ಬಂದ ಕಾನೂನು ಹನ್ನೆರಡು ವಾರಗಳ ರಜೆಯನ್ನು ಕೊಡುತ್ತದೆ, ಆದರೆ ಸಂಬಳವಿಲ್ಲದೆ. ಅದೂ ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ, ಕನಿಷ್ಠ ಒಂದು ವರ್ಷ ದುಡಿದವರಿಗೆ. ಕ್ಯಾಲಿಫೋರ್ನಿಯದಂತಹ ಕೆಲವು ರಾಜ್ಯಗಳು ತಮ್ಮದೇ ಏರ್ಪಾಟು ಮಾಡಿಕೊಂಡಿವೆ. ಕೆಲವು ಕಂಪೆನಿಗಳು ಉದಾರವಾಗಿವೆ. ಅಂಗಡಿಯಲ್ಲಿ, ಹೋಟೆಲಿನಲ್ಲಿ ಗಂಟೆಯ ಲೆಕ್ಕದಲ್ಲಿ ದುಡಿಯುವ ಹೆಣ್ಣುಮಗಳು ಹಸುಗೂಸನ್ನು ಬಿಟ್ಟು ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳುತ್ತಾಳೆ. ಕರ್ನಾಟಕದಿಂದ ತಾಯಿಯೋ ಅತ್ತೆಯೋ ಮೆಂತ್ಯದ ಹಿಟ್ಟು, ಒಣಕೊಬ್ಬರಿ, ಅಂಟು ಕಟ್ಟಿಕೊಂಡು ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಹೊರಡುತ್ತಾರಲ್ಲ, ಅವರು ಅಲ್ಲಿ ಮೊಮ್ಮಗುವಿಗೆ ಎಣ್ಣೆ ಹಚ್ಚಿ ಎರೆಯುವುದರ ಜೊತೆಗೆ ಆ ದೇಶದ ಶಾಸನ ತುಂಬದೆ ಬಿಟ್ಟಿರುವ ಒಂದು ತೆರಪನ್ನೂ ತುಂಬುತ್ತಿರುತ್ತಾರೆ. ಅದಕ್ಕೆ ಬೆಲೆ ಕಟ್ಟುವ ಲೆಕ್ಕಪುಸ್ತಕ ಯಾವುದೂ ಇಲ್ಲ.

ಅಮೇರಿಕನ್ನರು ಕಠಿಣಹೃದಯರೆಂದು ಯಾರೂ ತಿಳಿಯಬಾರದು. ದಾನದಲ್ಲಿ ಅವರು ಮುಂದಾಳುಗಳು. ವರ್ಷಕ್ಕೆ 50 ಸಾವಿರ ಕೋಟಿ ಡಾಲರಿಗೂ ಮೀರಿ ದಾನವಾಗಿ ಹರಿಯುವ ದೇಶ ಅದು. ನೆರೆಮನೆಯವನು ಮಲಗಿದರೆ ಅಡುಗೆ ಮಾಡಿ ತಂದುಕೊಡುತ್ತಾರೆ, ಚರ್ಚಿನಲ್ಲಿ ಚಂದಾ ಎತ್ತುತ್ತಾರೆ. ಇತ್ತೀಚೆಗೆ ಗಣಕಜಾಲದಲ್ಲಿ 'ಗೋಫಂಡ್‌ಮಿ'ಯಂತಹ ತಾಣಗಳಲ್ಲಿ ಅಪರಿಚಿತರಿಂದಲೂ ನೆರವು ಬೇಡುವ ಪದ್ಧತಿ ಬೆಳೆದಿದೆ. ಆಸ್ಪತ್ರೆಯ ಬಿಲ್ಲಿಗಾಗಿ ಮಾಡುವ ಮನವಿಗಳದೇ ಅಲ್ಲಿ ದೊಡ್ಡ ಪಾಲು. ಆದರೆ ಚೆನ್ನಾಗಿ ಬರೆಯಬಲ್ಲವನಿಗೆ, ಬಳಗ ದೊಡ್ಡದಿರುವವನಿಗೆ ಹಣ ಬರುತ್ತದೆ; ಮಾತು ಬಾರದ ಒಂಟಿ ರೋಗಿಗೆ ಬರುವುದಿಲ್ಲ. ದಾನವು ಹಕ್ಕಿನ ಕೆಲಸವನ್ನು ಮಾಡಲಾರದು.

2010ರಲ್ಲಿ ಒಬಾಮರ ಕಾಲದಲ್ಲಿ ಬಂದ ಶಾಸನ ಗಂಟನ್ನು ಕೊಂಚ ಸಡಿಲಿಸಿತು. ಮೊದಲೇ ಕಾಯಿಲೆಯಿದೆಯೆಂದು ವಿಮೆ ನಿರಾಕರಿಸುವುದು 2014ರಿಂದ ನಿಂತಿತು. ಮಕ್ಕಳು 26 ವರ್ಷದವರೆಗೆ ತಂದೆತಾಯಿಗಳ ವಿಮೆಯಲ್ಲಿ ಇರಬಹುದು. ವಿಮೆಯಿಲ್ಲದವರ ಸಂಖ್ಯೆ ಬಹಳ ಇಳಿಯಿತು. ಆದರೂ 2023ರಲ್ಲಿ ಸುಮಾರು 2 ಕೋಟಿ 60 ಲಕ್ಷ ಜನ ಹೊರಗೇ ಇದ್ದರು. ಐವತ್ತಕ್ಕೆ ಕಡಿಮೆಯಿಲ್ಲದ ಪೂರ್ಣಾವಧಿ ನೌಕರರಿರುವ ಮಾಲೀಕನು ವಿಮೆ ಕೊಡಬೇಕು, ಇಲ್ಲವೇ ದಂಡ ತೆರಬೇಕಾದೀತು ಎಂಬುದೂ ಆ ಶಾಸನದಲ್ಲಿಯೇ ಇದೆ. ಅಂದರೆ ಸಡಿಲಿಸಿದ ಕೈಯೇ ಇನ್ನೊಂದು ಕಡೆ ಗಂಟನ್ನು ಬಿಗಿಯಿತು.

ನಮ್ಮ ಮಕ್ಕಳ ಪಾಲಿಗೆ ಈ ದಾರ ಇನ್ನೂ ಒಂದು ಎಳೆ ಹೆಚ್ಚು ಬಿಗಿಯಾಗಿದೆ. ಎಚ್-1ಬಿ ವೀಸಾದ ಮೇಲಿರುವವರಿಗೆ ವಿಮೆಯಂತೆ ವಾಸದ ಅನುಮತಿಯೂ ನೌಕರಿಗೇ ಅಂಟಿಕೊಂಡಿದೆ. 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಕೆಲಸ ಹೋದವರಿಗೆ ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಅಷ್ಟರೊಳಗೆ ಬೇರೊಬ್ಬ ಮಾಲೀಕ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ಬಗೆಯ ಅನುಮತಿಗೆ ಅರ್ಜಿ ಸಲ್ಲಿಸಬೇಕು, ಇಲ್ಲವೇ ಹೊರಡಬೇಕು. ಮಗ ದೂರವಾಣಿಯಲ್ಲಿ ಕೆಲಸದ ಒತ್ತಡವನ್ನು ಹೇಳಿಕೊಂಡಾಗ 'ಬಿಟ್ಟು ಬೇರೆ ಕಡೆ ಸೇರಿಕೋ' ಎಂದು ಇಲ್ಲಿಂದ ಸಲೀಸಾಗಿ ಹೇಳುವ ತಂದೆಯರು ಇದನ್ನು ತಿಳಿದಿರುವುದು ಒಳ್ಳೆಯದು.

ಬಾಣಂತನಕ್ಕೆ ಹೊರಟಿರುವ ಹಿರಿಯರಿಗೂ ಒಂದು ಮಾತು. ಮಗನ ಕಂಪೆನಿಯ ವಿಮೆಯಲ್ಲಿ ಸಾಮಾನ್ಯವಾಗಿ ತಂದೆತಾಯಿಗಳು ಸೇರುವುದಿಲ್ಲ. ಹೆಂಡತಿ ಮಕ್ಕಳಿಗಷ್ಟೇ ಅದು. ಪ್ರವಾಸಿಗಳ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕು. ಕೊಳ್ಳುವ ಮುನ್ನ, ಮೊದಲಿನಿಂದ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳ ಬಗ್ಗೆ ಅದರ ಕರಾರಿನಲ್ಲಿ ಏನು ಬರೆದಿದೆಯೆಂಬುದನ್ನು ಯಾರಿಂದಲಾದರೂ ಓದಿಸಿ ಕೇಳಿರಿ. ಅನೇಕ ವಿಮೆಗಳು ಅವುಗಳ ಚಿಕಿತ್ಸೆಗೆ ಹಣ ಕೊಡುವುದಿಲ್ಲ, ಕೊಟ್ಟರೂ ಬಹಳ ಮಿತಿಯಲ್ಲಿ ಕೊಡುತ್ತವೆ. ನಿತ್ಯ ತೆಗೆದುಕೊಳ್ಳುವ ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಸಾಲುವಂತೆ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಹಲ್ಲಿನ ತೊಂದರೆಯಿದ್ದರೆ ಹೊರಡುವ ಮೊದಲೇ ಇಲ್ಲಿ ತೋರಿಸಿಕೊಂಡು ಹೋಗಿರಿ.