ಮುನ್ನೂರು ಟಿಕೆಟ್ ಕೊಟ್ಟರೆ ದಾರಿ ಕೊಟ್ಟಂಗಾಯ್ತಾ?

2024ರ ಗಣರಾಜ್ಯೋತ್ಸವದ ವಾರಾಂತ್ಯದ ಕುಮಾರ ಪರ್ವತದ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಮೊಬೈಲು ಹಿಡಿದ ಸಾವಿರಾರು ಜನ, ಕಾಡಿನ ನಡುವೆ ಥೇಟ್ ಮೆಜೆಸ್ಟಿಕ್. ಕೆಲವೇ ದಿನಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅಂದರು. ಆಮೇಲೆ ‘ಅರಣ್ಯ ವಿಹಾರ’ ಅನ್ನೋ ವೆಬ್‌ಸೈಟ್ ಬಂತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ ಅನ್ನೋ ಮಿತಿಯೂ ಬಂತು.

ಮಿತಿ ಬೇಕಿತ್ತು. ಅದರ ಬಗ್ಗೆ ನನಗೆ ತಕರಾರಿಲ್ಲ. ಬಿಸ್ಕತ್ ಪ್ಯಾಕೆಟ್ಟು, ನೀರಿನ ಬಾಟಲಿ, ಪೋರ್ಟಬಲ್ ಸ್ಪೀಕರು ಹೊತ್ತು ಹೋಗಿ ಮೊದಲೆರಡನ್ನು ಅಲ್ಲೇ ಬಿಟ್ಟು ಬರುವವರನ್ನು ನಾನೂ ನೋಡಿದ್ದೀನಿ. ಕಾಲೇಜಿನ ದಿನಗಳಲ್ಲಿ ನಮ್ಮ ಗುಂಪೇನೂ ಸಂತರ ಗುಂಪಾಗಿರಲಿಲ್ಲ.

ಆದರೆ ಅದೇ ವರ್ಷ ಜೂನ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಉತ್ತರಾಖಂಡದ ಸಹಸ್ರತಾಲ್ ಕಡೆ ಹೋಗಿದ್ದ 22 ಜನರ ತಂಡ, ಅದರಲ್ಲಿ ಹೆಚ್ಚಿನವರು ನಮ್ಮ ರಾಜ್ಯದವರು, ಹಿಂತಿರುಗುವಾಗ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಹೋದರು. ತಂಡದಲ್ಲಿ ಎಪ್ಪತ್ತು ದಾಟಿದವರೂ ಇದ್ದರು. ಸುದ್ದಿ ಕೆಳಗೆ ಮುಟ್ಟುವ ಹೊತ್ತಿಗೆ ಕೆಲವರ ಜೀವ ಹೋಗಿಯಾಗಿತ್ತು. ಆಮೇಲೆ ವಾಯುಪಡೆಯ ಹೆಲಿಕಾಪ್ಟರ್ ಹಾರಿತು. ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಹೋಗಿ ನಿಂತರು, ಬದುಕಿದವರನ್ನು ವಾಪಸ್ ಕರೆತಂದರು. ಆ ಕೆಲಸ ಚೆನ್ನಾಗೇ ಆಯ್ತು, ಅದನ್ನು ಹೇಳಲೇಬೇಕು.

ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬೆಟ್ಟ ಹತ್ತುವವರ ವಿಷಯದಲ್ಲಿ ನಮ್ಮ ಸರ್ಕಾರಗಳಿಗೆ ಗೊತ್ತಿರೋದು ಎರಡೇ ಸಲಕರಣೆ: ಮೊದಲಿಗೆ ಗೇಟು, ಕೊನೆಗೆ ಹೆಲಿಕಾಪ್ಟರು. ಗೇಟು ದಾಟಿದ ಮೇಲೆ, ಹೆಲಿಕಾಪ್ಟರ್ ಬೇಕಾಗುವ ಮುಂಚೆ ಒಂದು ದಾರಿ ಇರುತ್ತಲ್ಲ, ಆ ದಾರಿ ಯಾರ ಜವಾಬ್ದಾರಿ? ಹವಾಮಾನ ಕೆಟ್ಟರೆ ‘ಮುಂದೆ ಹೋಗಬೇಡಿ’ ಅಂತ ಹೇಳುವ ಅಧಿಕಾರ ಯಾರಿಗಿದೆ? ಗೈಡ್ ಅಂತ ಕರೆದುಕೊಂಡು ಹೋಗುವವನಿಗೆ ಕಾಲು ಉಳುಕಿದವನನ್ನು ಹೊತ್ತು ಇಳಿಸೋಕೆ ಬರುತ್ತಾ, ಯಾರು ಪರೀಕ್ಷೆ ಮಾಡಿದ್ದಾರೆ?

ಕುಮಾರ ಪರ್ವತವನ್ನೇ ತಗೊಳ್ಳಿ. ಶಿಖರ 1712 ಮೀಟರ್. ಕುಕ್ಕೆ ಇರೋದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಂದರೆ ಹತ್ತಿರ ಹತ್ತಿರ 1600 ಮೀಟರ್ ಏರು. ಪುಷ್ಪಗಿರಿ ಅಭಯಾರಣ್ಯದೊಳಗೆ ಟೆಂಟ್ ಹಾಕುವಂತಿಲ್ಲ, ಅದಕ್ಕೆ ಕಾರಣವೂ ಇದೆ, ಆನೆ ಓಡಾಡುವ ಜಾಗ. ಹೀಗಾಗಿ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಟಿಟಿ ಹತ್ತಿದವರು ನಿದ್ದೆಗೆಟ್ಟು ಬಂದು, ಬೆಳಗ್ಗೆಯೇ ಏರೋಕೆ ಶುರು ಮಾಡಿ, ಆದಷ್ಟು ಅದೇ ದಿನ ಇಳಿದುಬಿಡುವ ಲೆಕ್ಕಾಚಾರದಲ್ಲಿ ಇರ್ತಾರೆ. ಗಿರಿಗದ್ದೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲುಗುಡ್ಡ. ನೀರು ಮುಗಿದವರ ಮುಖ ನೋಡಬೇಕು ಅಲ್ಲಿ.

ಈ ದಾರಿಯಲ್ಲಿ ಇಷ್ಟು ವರ್ಷ ಚಾರಣಿಗರನ್ನು ಕಾಪಾಡಿದ್ದು ಏನು? ಗಿರಿಗದ್ದೆಯ ಭಟ್ಟರ ಮನೆ. ಅಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಸಿಗುತ್ತೆ. ‘ಈಗ ಹೊರಟರೆ ಕತ್ತಲಾಗುತ್ತೆ, ಬೇಡ’ ಅಂತ ಹೇಳುವ ಒಂದು ಬಾಯಿ ಸಿಗುತ್ತೆ. ಅದು ಯಾವ ಇಲಾಖೆಯ ಯೋಜನೆಯೂ ಅಲ್ಲ. ಕಾಡಂಚಿನಲ್ಲಿ ಮನೆ ಮಾಡಿಕೊಂಡಿದ್ದ ಒಂದು ಕುಟುಂಬ ತಲೆಮಾರಿನ ಚಾರಣಿಗರಿಗೆ ಊಟ ಹಾಕಿತು, ಅಷ್ಟೇ.

ಹಾಗಿದ್ದರೆ ಈ 300 ಎಲ್ಲಿಂದ ಬಂತು? ನಾನು ಓದಿದ್ದು ಎಂಜಿನಿಯರಿಂಗು, ಹಳೇ ಚಟ ಬಿಡಲ್ಲ. ಲಿಫ್ಟಿನಲ್ಲಿ ‘8 ಜನ’ ಅಂತ ಬರೆದಿದ್ದರೆ ಅದರ ಹಿಂದೆ ಹಗ್ಗದ ಲೆಕ್ಕ ಇರುತ್ತೆ. ಬೆಟ್ಟದ ಹಗ್ಗ ಯಾವುದು? ನೀರಿನ ಸೆಲೆಯಾ, ಮಣ್ಣಿನ ಸವಕಳಿಯಾ, ಪ್ರಾಣಿಗಳ ಓಡಾಟವಾ? ಅದನ್ನು ಅಳೆದಿದ್ದರೆ ಒಂದು ಬೆಟ್ಟಕ್ಕೆ 80 ಬರಬಹುದು, ಇನ್ನೊಂದಕ್ಕೆ 500. ಎಲ್ಲ ಬೆಟ್ಟಕ್ಕೂ ಒಂದೇ ದುಂಡು ಸಂಖ್ಯೆ ಬಂದಿದೆ ಅಂದರೆ ನನಗೆ ಅನುಮಾನ.

ಈಗ ಸ್ವಲ್ಪ ಉತ್ತರಕ್ಕೆ ಬನ್ನಿ. ಕರ್ನಾಟಕದ ಅತಿ ದೊಡ್ಡ ದೂರದ ಚಾರಣ ಯಾವುದು ಅಂತ ಕೇಳಿದರೆ ಇನ್‌ಸ್ಟಾಗ್ರಾಮ್‌ನಲ್ಲಿ ಉತ್ತರ ಸಿಗಲ್ಲ. ನನ್ನ ಪ್ರಕಾರ ಅದು ಶ್ರೀಶೈಲದ ಪಾದಯಾತ್ರೆ. ಯುಗಾದಿಗೆ ಮುಂಚೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಕಡೆಯಿಂದ ಲಕ್ಷಾಂತರ ಜನ ನಡೆದೇ ಹೋಗ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು, ಹಬ್ಬಕ್ಕೆ ಸೀರೆ, ಕುಪ್ಪಸ, ಅರಿಶಿನ-ಕುಂಕುಮ ಒಯ್ಯಬೇಕು ಅನ್ನೋದು ಆ ಕಡೆಯ ನಂಬಿಕೆ. ಕೆಲವರು ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು ನಡೀತಾರೆ. ನೂರಾರು ಕಿಲೋಮೀಟರ್ ಬಯಲು ಮುಗಿದ ಮೇಲೆ ಆಂಧ್ರದ ಆತ್ಮಕೂರು, ವೆಂಕಟಾಪುರ. ಅಲ್ಲಿಂದ ನಲ್ಲಮಲ ಕಾಡು: ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು. ಕಣಿವೆಗೆ ಇಳಿದು ಮತ್ತೆ ಏರುವ ಕಲ್ಲುದಾರಿ. ಅದು ಸಾಮಾನ್ಯ ಕಾಡಲ್ಲ, ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶ.

ನನ್ನ ದೊಡ್ಡಪ್ಪ ಮೂರು ಸಲ ಹೋಗಿ ಬಂದವರು. ‘ದೊಡ್ಡಪ್ಪ, ನೀವು ಮಾಡಿದ್ದು ಪಕ್ಕಾ ಟ್ರೆಕ್ಕಿಂಗ್’ ಅಂದರೆ ನಕ್ಕರು. ‘ತಮ್ಮಾ, ಗುಡ್ಡ ನೋಡಾಕ ಯಾರ್ ಹೋಗ್ತಾರ? ಮಲ್ಲಯ್ಯ ಕರದ, ಹೊಂಟ್ವಿ’ ಅಂದರು. ಅವರ ಬೆನ್ನಿಗೆ ಇದ್ದದ್ದು ಒಂದು ಜೋಳಿಗೆ, ಒಂದು ಕಂಬಳಿ. ದಾರಿಯುದ್ದಕ್ಕೂ ರೊಟ್ಟಿ, ಪಲ್ಯ, ಮಜ್ಜಿಗೆ ಇಟ್ಟುಕೊಂಡು ಜನ ಕಾಯ್ತಾ ಇರ್ತಾರಂತೆ. ಕಾಲಿನ ಬೊಬ್ಬೆಗೆ ಮುಲಾಮು ಹಚ್ಚೋರೂ ಇರ್ತಾರೆ. ಕಾಡಿನ ಭಾಗಕ್ಕೆ ಬಂದರೆ ಅರಣ್ಯ ಇಲಾಖೆ ಕೆಲವು ದಿನಗಳ ಮಟ್ಟಿಗೆ ದಾರಿ ತೆರೆಯುತ್ತೆ. ನೀರಿನ ವ್ಯವಸ್ಥೆ, ವೈದ್ಯಕೀಯ ಶಿಬಿರ ಹಾಕ್ತಾರೆ. ಆಮೇಲೆ ದಾರಿ ಮುಚ್ಚಿ ಕಾಡನ್ನು ಕಾಡಿಗೆ ಬಿಡ್ತಾರೆ.

ಅಲ್ಲಿ ಎಲ್ಲ ಸರಿಯಾಗಿದೆ ಅಂತ ನಾನು ಹೇಳ್ತಿಲ್ಲ. ಲಕ್ಷ ಜನ ಹುಲಿ ಕಾಡಿನಲ್ಲಿ ನಡೆದರೆ ಪ್ಲಾಸ್ಟಿಕ್ಕೂ ಬೀಳುತ್ತೆ, ಬಿಸಿಲಿಗೆ ಕುಸಿಯುವವರೂ ಇರ್ತಾರೆ. ಆದರೆ ಗಮನಿಸಿ: ಅಲ್ಲಿ ದಾರಿಗೆ ಒಂದು ಆಡಳಿತ ಇದೆ. ಎಲ್ಲಿ ನೀರು, ಎಲ್ಲಿ ಮಲಗೋದು, ಯಾವ ದಿನ ಮುಚ್ಚೋದು ಅನ್ನೋದು ತೀರ್ಮಾನವಾಗಿದೆ. ಭಕ್ತರು ಅಂದಾಗ ಸರ್ಕಾರಕ್ಕೆ ಈ ಜಾಣ್ಮೆ ತಾನಾಗೇ ಬರುತ್ತೆ, ಮತದ ಲೆಕ್ಕ ಇದೆಯಲ್ಲ. ಚಾರಣಿಗರು ಅಂದರೆ ಮಾತ್ರ ಒಂದೋ ಟಿಕೆಟ್ ಗಿರಾಕಿ, ಇಲ್ಲಾ ಉಪದ್ರವ.

ಕಾನೂನು ಅಡ್ಡ ಬರುತ್ತೆ ಅನ್ನೋದು ಅರ್ಧ ಸತ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯ ಪ್ರವೇಶವನ್ನು ನಿರ್ಬಂಧಿಸುತ್ತೆ, ನಿಜ. ಪಕ್ಕದ 28ನೇ ಸೆಕ್ಷನ್ ಅಧ್ಯಯನ, ಛಾಯಾಗ್ರಹಣ, ಪ್ರವಾಸೋದ್ಯಮಕ್ಕೆ ಅನುಮತಿ ಕೊಡಬಹುದು ಅನ್ನುತ್ತೆ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಅನುಮತಿಯ ಕಡತ ಓಡಾಡುವ ರಾಜ್ಯದಲ್ಲಿ, ಎರಡು ಕಾಲಿನ ಮೇಲೆ ನಡೆಯುವವನಿಗೆ ಮಾತ್ರ ಕಾಯ್ದೆ ಇಷ್ಟು ಗಟ್ಟಿಯಾಗಿ ನೆನಪಾಗೋದು ತಮಾಷೆ.

ನಿಷೇಧದ ಇನ್ನೊಂದು ಮುಖ ಉತ್ತರಾಖಂಡದಲ್ಲಿದೆ. ಅಲ್ಲಿನ ಹೈಕೋರ್ಟ್ 2018ರಲ್ಲಿ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗೋದನ್ನು ನಿಷೇಧಿಸಿತು. ಹುಲ್ಲುಗಾವಲು ಹಾಳಾಗುತ್ತಿದ್ದದ್ದು ಸುಳ್ಳಲ್ಲ. ಆದರೆ ರೂಪ್‌ಕುಂಡದಂಥ ಹೆಸರಾಂತ ಚಾರಣ ಅದರಿಂದ ನಿಂತೇಹೋಯ್ತು. ಏಜೆನ್ಸಿಗಳು ಬೇರೆ ಬೆಟ್ಟ ಹುಡುಕಿಕೊಂಡವು. ಗೈಡು, ಅಡುಗೆ, ಹೇಸರಗತ್ತೆ ನಂಬಿಕೊಂಡಿದ್ದ ಬುಡದ ಹಳ್ಳಿಗಳವರಿಗೆ ಬೇರೆ ಬೆಟ್ಟ ಎಲ್ಲಿಂದ ಬರಬೇಕು? ನಮ್ಮಲ್ಲೂ ಹಾಗೇ. ಕುದುರೆಮುಖದ ಬುಡದ ಮುಳ್ಳೋಡಿಯಲ್ಲಿ ಹೋಮ್‌ಸ್ಟೇ, ಜೀಪು, ಗೈಡು ಅಂತ ಬದುಕು ಕಟ್ಟಿಕೊಂಡವರಿದ್ದಾರೆ. ಚಾರಣ ಮುಚ್ಚಿದ ದಿನ ಬೆಂಗಳೂರಿನವನಿಗೆ ಹೋಗೋದು ಒಂದು ವೀಕೆಂಡು.

ಅಮೆರಿಕದ ಅಪಲೇಚಿಯನ್ ಟ್ರೇಲ್ ಹೆಸರು ಕೇಳಿರ್ತೀರಿ. ಸುಮಾರು 3500 ಕಿಲೋಮೀಟರ್ ಕಾಲುದಾರಿ. 1921ರಲ್ಲಿ ಬೆಂಟನ್ ಮೆಕಾಯ್ ಪ್ರಸ್ತಾಪ ಇಟ್ಟರು, 1937ಕ್ಕೆ ದಾರಿ ಪೂರ್ತಿ ಆಯ್ತು. ದಾರಿಯುದ್ದಕ್ಕೂ 250ಕ್ಕೂ ಹೆಚ್ಚು ತಂಗುಮಾಡುಗಳಿವೆ. ಹೆಚ್ಚಿನ ದುರಸ್ತಿ ಮಾಡೋದು ಸ್ಥಳೀಯ ಕ್ಲಬ್ಬುಗಳ ಸ್ವಯಂಸೇವಕರು. ಅದನ್ನು ಹಾಗೇ ತಂದು ಸಹ್ಯಾದ್ರಿಯಲ್ಲಿ ನೆಡೋಕಾಗಲ್ಲ. ಆನೆ ಇಲ್ಲದ ಕಾಡು ಅವರದ್ದು. ಆದರೆ ನಡೆಯುವವರೇ ದಾರಿಯ ಕೂಲಿಗಳೂ ಆಗ್ತಾರೆ ಅನ್ನೋದನ್ನು ತರಬಹುದು. ವರ್ಷಕ್ಕೆ ಎರಡು ದಿನ ದಾರಿ ಕೆಲಸ ಮಾಡಿದವರಿಗೆ ಮೊದಲು ಟಿಕೆಟ್ ಅಂದರೆ ಎಷ್ಟು ಕಾಲೇಜು ಹುಡುಗರು ಗುದ್ದಲಿ ಹಿಡಿಯಲ್ಲ?

ನಮಗೆ ಬೇಕಿರೋದು ಒಂದೇ ಶಿಖರ, ಒಂದೇ ಫೋಟೋ, ಒಂದೇ ಭಾನುವಾರದ ಚಾರಣವಲ್ಲ. ಘಟ್ಟದ ಮೇಲಿನ ಊರಿಗೂ ಕೆಳಗಿನ ಊರಿಗೂ ಹೇರೆತ್ತುಗಳು ಓಡಾಡುತ್ತಿದ್ದ ಹಳೇ ದಾರಿಗಳಿವೆ. ಅಭಯಾರಣ್ಯದ ಒಳಗನ್ನು ಬಿಟ್ಟು ಅಂಚಿನ ಕಾಫಿ ತೋಟ, ಗದ್ದೆ, ಊರುಗಳನ್ನು ಹಾದು ನಾಲ್ಕೈದು ದಿನ ನಡೆಯಬಹುದಾದ ದಾರಿಗಳನ್ನು ಗುರುತಿಸಿ. ರಾತ್ರಿ ತಂಗೋಕೆ ಊರಿನ ಮನೆಗಳು, ದುಡ್ಡು ಆ ಮನೆಗಳಿಗೆ. ಸ್ಥಳೀಯ ಗೈಡುಗಳಿಗೆ ತರಬೇತಿ, ಪರೀಕ್ಷೆ, ವಿಮೆ. ಮಳೆ ಕೆಟ್ಟಾಗ ಆವತ್ತಿನ ನಡಿಗೆ ರದ್ದು ಮಾಡುವ ಅಧಿಕಾರವೂ ಆ ಗೈಡಿಗೇ ಇರಲಿ, ಬೆಂಗಳೂರಿನ ಏಜೆನ್ಸಿಗಲ್ಲ.

ಟಿಕೆಟ್ ದುಡ್ಡಿನ ಲೆಕ್ಕವನ್ನೂ ಕೇಳಬೇಕು. ಒಂದು ಬೆಟ್ಟಕ್ಕೆ ದಿನಕ್ಕೆ 300 ಜನ ಕೊಟ್ಟ ಹಣದಲ್ಲಿ ಎಷ್ಟು ಆ ದಾರಿಗೆ ವಾಪಸ್ ಹೋಯ್ತು, ಎಷ್ಟು ಬುಡದ ಊರಿಗೆ ಸೇರಿತು ಅನ್ನೋದನ್ನು ಇಲಾಖೆ ಅದೇ ವೆಬ್‌ಸೈಟಿನಲ್ಲಿ ಹಾಕಲಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಾನು ಒಂದು ಹಾಕ್ತಿದ್ದೀನಿ. ನೀವು ಕೊನೆಯದಾಗಿ ಹತ್ತಿದ ಬೆಟ್ಟ ಯಾವುದೋ, ಅದರದ್ದೂ ಒಂದು ಹಾಕಿ.