ಹೆಸರೇ ಮೊದಲ ಮಾಸ್ತರ

ಕಲಘಟಗಿ, ಕುಂದಗೋಳದ ಕನ್ನಡ ಮಾಧ್ಯಮದಿಂದ ಬಿಇಗೆ ಬಂದ ನಮ್ಮಂಥವರು ಇಂಗ್ಲಿಷ್ ಪದದ ಅರ್ಥ ಹಿಡಿದೇ ಕೋಡಿಂಗ್ ಕಲಿಯುತ್ತೇವೆ. ಮೆಥಡ್‌ನ ಹೆಸರೇ ದಾರಿ ತಪ್ಪಿಸಿದರೆ, ನಾವೇ ದಡ್ಡರು ಅಂದುಕೊಳ್ಳುತ್ತೇವೆ. ಅದು ಸರಿಯಲ್ಲ.

ಪೈಥಾನ್‌ನ 'ಎಲ್‌ಸ್ಟ್ರಿಪ್' ನೋಡಿ. ಪದದ ಎಡತುದಿಯಿಂದ ನಾವು ಕೊಟ್ಟ ತುಣುಕನ್ನು ತೆಗೆಯುತ್ತದೆ ಎಂದು ಹೆಸರು ನಂಬಿಸುತ್ತದೆ. ಅದು ಮಾಡುವುದೇ ಬೇರೆ: ಆ ತುಣುಕಿನ ಯಾವ ಅಕ್ಷರ ಎದುರಾದರೂ ಅಳಿಸುತ್ತಾ ಹೋಗುತ್ತದೆ. ಇಂಗ್ಲಿಷ್‌ನಲ್ಲಿರುವ ತಾಲ್ಲೂಕು ಪಟ್ಟಿಯಲ್ಲಿ ಪ್ರತಿ ಹೆಸರಿನ ಹಿಂದಿರುವ 'ಡಿಡಬ್ಲ್ಯುಡಿ-' ಸಂಕೇತ ತೆಗೆಯಲು ಅದನ್ನು ಬಳಸಿ. ನವಲಗುಂದ, ಅಣ್ಣಿಗೇರಿ ಸರಿಯಾಗಿ ಬರುತ್ತವೆ. ಧಾರವಾಡ ಮಾತ್ರ ತನ್ನ 'ಡಿ'ಯನ್ನೂ ಕಳೆದುಕೊಂಡು 'ಹಾರವಾಡ' ಆಗುತ್ತದೆ! ಎರರ್ ಕೂಡ ಬರುವುದಿಲ್ಲ.

ಈ ಗೊಂದಲ ನಮ್ಮೊಬ್ಬರದಲ್ಲ. ಅದಕ್ಕೇ 2020ರ ಪೈಥಾನ್ 3.9ರಲ್ಲಿ 'ರಿಮೂವ್‌ಪ್ರಿಫಿಕ್ಸ್' ಸೇರಿತು. ಮೊದಲು ಸೂಚಿಸಿದ್ದ 'ಕಟ್‌ಪ್ರಿಫಿಕ್ಸ್' ಎಂಬ ಹೆಸರು ಚರ್ಚೆಯ ಬಳಿಕ ಬದಲಾಯಿತು. ಅದು ಮಾಡುವ ಕೆಲಸವನ್ನು ಎರಡು ಸಾಲಿನಲ್ಲಿ ನಾವೇ ಬರೆದುಕೊಳ್ಳಬಹುದು. ಅನುಕೂಲಕ್ಕೆಂದೇ ಇರುವ ಇಂಥ ಮೆಥಡ್‌ಗೆ ಹೆಸರು ಸ್ಪಷ್ಟವಿಲ್ಲದಿದ್ದರೆ ಅನುಕೂಲವೆಲ್ಲಿ?

ಪ್ರಾಜೆಕ್ಟ್ ಮಾಡುತ್ತಿರುವ ಗೆಳೆಯರೇ, ಫಂಕ್ಷನ್‌ನ ಹೆಸರು ನಾಲ್ಕು ಅಕ್ಷರ ಉದ್ದವಾದರೂ ಚಿಂತೆಯಿಲ್ಲ. ನಾಳೆ ನಿಮ್ಮ ಕೋಡ್ ಓದುವ ಜೂನಿಯರ್ ಪಕ್ಕದಲ್ಲಿ ನೀವಿರುವುದಿಲ್ಲ, ನೀವಿಟ್ಟ ಹೆಸರಷ್ಟೇ ಇರುತ್ತದೆ.